ಮೂರ್ತಿಯವರ ಕೆಂಪು ನೊಣ

ಸೊಂಟದವರೆಗೆ ಬರುವ ರಬ್ಬರ್ ಪ್ಯಾಂಟು...
ಗಾಳದ ಕೋಲು, ಅದಕ್ಕೊಂದು ರೀಲು, ವರ್ಷ ವರ್ಷ ಲೈಸೆನ್ಸು...
ಗ್ವಾಡಲೂಪೆ ನದಿಗೆ ಹೋಗಿಬರುವ ಕಾರಿನ ಗ್ಯಾಸು, ದಾರಿಯ ಕಾಫಿ...
ಎಲ್ಲಕ್ಕಿಂತ ದುಬಾರಿ, ಎರಡು ಚಳಿಗಾಲದ ಶನಿವಾರಗಳು. ನನ್ನ ಕಿರಾಣಿ ಅಂಗಡಿಗೆ ಗಿರಾಕಿ ಬರುವುದೇ ಶನಿವಾರ.

ಇಷ್ಟೆಲ್ಲ ಖರ್ಚು ಮಾಡಿಸಿದ ಮನುಷ್ಯ ಇವತ್ತು ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟರಂತೆ...

ನಾನು ನಂಬಲಿಲ್ಲ.
ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದನ್ನು ಯಾವತ್ತೂ ನಂಬಿದವನಲ್ಲ.
ಮಿಸೌರಿ ಸಿಟಿಯಿಂದ ಅವರಿರುವ ಕೇಟಿಗೆ ಡ್ರೈವ್ ಮಾಡಿದೆ. ಅವರ ಮನೆ ಮುಂದೆ ನಿಂತ ಕಾರುಗಳ ಸಾಲು ನೋಡಿದೆ...
ಆಮೇಲೆ ನಂಬಿದೆ.

ಪೈಪ್‌ಲೈನ್ ಎಂಜಿನಿಯರಾಗಿ ರಿಟೈರ್ ಆದ ನಮ್ಮ ಮೂರ್ತಿಯವರು ಇನ್ನಿಲ್ಲ.

"ರೆಸ್ಟ್ ಇನ್ ಪೀಸ್ ಅಂಕಲ್, ನೀವು ನಮಗೆ ತಂದೆ ಸಮಾನ" ಎಂದು ಡಲ್ಲಾಸಿನಿಂದ, ಆಸ್ಟಿನ್ನಿನಿಂದ ಬರೆಯುತ್ತಿರುವವರೇ...
ನಿಮ್ಮ ದುಃಖದ ಮೇಲೂ ನನಗೆ ಸ್ವಲ್ಪ ಅನುಮಾನವಿದೆ.
"ನದಿಗೆ ಬರ್ತೀರಾ?" ಎಂದು ಅವರು ನಿಮ್ಮನ್ನೂ ಕೇಳಿದ್ದರು.
ಎಲ್ಲರಿಗೂ ಆ ಶನಿವಾರ ಏನೋ ಕೆಲಸವಿತ್ತು.

ನನಗೆ ಅವರ ಮೇಲೆ ಅನುಮಾನ ಹುಟ್ಟಿದ್ದೂ ಆ ಪ್ರಶ್ನೆಯಿಂದಲೇ.
ಬರ್ತ್‌ಡೇ ಪಾರ್ಟಿಯಲ್ಲಿ ಕೇಕಿನ ಡಬ್ಬ ತಿರುಗಿಸಿ, ಮೊಟ್ಟೆ ಇದೆಯಾ ಎಂದು ಓದುವ ಮನುಷ್ಯ.
ನನ್ನ ಅಂಗಡಿಯಲ್ಲಿ ಮೀನಿನ ಫ್ರೀಜರ್ ಇರುವ ಸಾಲಿಗೇ ಬರುತ್ತಿರಲಿಲ್ಲ.
ಇಂಥವರು ಟ್ರೌಟ್ ಮೀನಿಗೆ ಗಾಳ ಹಾಕುತ್ತಾರೆ ಅಂದರೆ...

ಗರಾಜಿನಲ್ಲಿ ಕೂತು ಗಾಳದ ಕೊಂಡಿಗೆ ನವಿಲುಗರಿಯ ಎಳೆ ಸುತ್ತುತ್ತಿದ್ದರು. ಅದರ ಮೇಲೆ ಕೆಂಪು ರೇಷ್ಮೆ, ಒಂದೆಳೆ ಜರಿ, ತುದಿಯ ಗಂಟಿಗೆ ಹೆಂಡತಿಯ ನೇಲ್ ಪಾಲಿಶ್. ಮೀನನ್ನು ಮರುಳು ಮಾಡುವ ಈ ಹುಸಿ ಹುಳಕ್ಕೆ ಫ್ಲೈ ಅನ್ನುತ್ತಾರೆ. ನಾನು ನೊಣ ಅನ್ನುತ್ತಿದ್ದೆ.

"ಇದು ಯಾವ ಹುಳಾರಿ?" ಎಂದು ಕೇಳಿದ್ದೆ.
"ಯಾವ ಹುಳಾನೂ ಅಲ್ಲ."
"ಮತ್ತ ಮೀನು ಯಾಕ ಕಚ್ಚತೈತಿ?"
"ಇಷ್ಟು ಚೆನ್ನಾಗಿರೋದು ಕಣ್ಣ ಮುಂದೆ ಹೋದ್ರೆ ಮುಟ್ಟಿ ನೋಡ್ಬೇಕು ಅನ್ಸಲ್ವಾ ಬಸವರಾಜ್? ಅದಕ್ಕೆ ಕೈ ಇಲ್ಲ. ಬಾಯಲ್ಲೇ ಮುಟ್ಟಿ ನೋಡುತ್ತೆ."

ಮೂರ್ತಿಯವರೇ...
ನೀವು ಮಾತಾಡುವುದರಲ್ಲಿ ಚೆನ್ನಾಗಿದ್ದಿರಿ. ಅದಕ್ಕೇ ನಾನು ನಿಮ್ಮ ಕೈ ನೋಡುತ್ತಿದ್ದೆ.

ನನ್ನ ದಾರಕ್ಕೆ ನೊಣವನ್ನು ನೀವೇ ಕಟ್ಟುತ್ತಿದ್ದಿರಿ. ನನಗೆ ಮುಟ್ಟಲು ಬಿಡುತ್ತಿರಲಿಲ್ಲ.
"ಬೇಡ ಬೇಡ, ನಿಮ್ಮ ಕೈಯೆಲ್ಲ ಇಂಗಿನ ವಾಸನೆ. ಮೀನು ಹತ್ರಾನೇ ಬರಲ್ಲ!"
ಅಂಗಡಿಯವನು ನಾನು. ಇಂಗು ಇರುತ್ತದೆ. ಒಪ್ಪಿಕೊಂಡೆ.
ಸಂಜೆಯಾದರೆ ನೀವೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಿರಿ...
ಮನೆಗೆ ಒಯ್ಯಲು ಒಂದು ಕೇಳಿದರೆ, "ಒಣಗಿಸಿ ಕೊಡ್ತೀನಿ" ಅಂದವರು ಕೊಡಲೇ ಇಲ್ಲ.

ಮೀನು ಬರುತ್ತಿತ್ತು! ನೀರೊಳಗೆ ಬೆಳ್ಳಗೆ ಮಿಂಚಿ, ದಾರ ಜಗ್ಗಿ... ಬಿಟ್ಟುಹೋಗುತ್ತಿತ್ತು. ಪ್ರತಿ ಸಲ.
ಪಕ್ಕದಲ್ಲಿ ಹ್ಯಾಟು ಹಾಕಿದ ಮುದುಕ ಒಂದಾದ ಮೇಲೊಂದು ಬಲೆಗೆ ಹಾಕಿಕೊಳ್ಳುತ್ತಿದ್ದ.
ನಿಮಗೂ ಸಿಗುತ್ತಿರಲಿಲ್ಲ. ನೀವೋ ಸಣ್ಣ ಹುಡುಗರ ಹಾಗೆ ನಗುತ್ತಿದ್ದಿರಿ. ಕೈಗೆ ಏನೂ ಸಿಗದೆ ನಗುವವರನ್ನು ನನ್ನ ವ್ಯಾಪಾರದಲ್ಲಿ ನಾನು ಕಂಡಿಲ್ಲ.

"ಛಲೋ ನೊಣ ನೀವ ಇಟ್ಕೊಂಡೀರಿ. ಬದಲ್ ಮಾಡ್ರಿ," ಅಂದೆ ಒಂದು ದಿನ.
ನಿಮ್ಮದನ್ನು ಬಿಚ್ಚಿ ನನ್ನ ದಾರಕ್ಕೆ ಕಟ್ಟಿದಿರಿ.
ಅದಕ್ಕೂ ಮೀನು ಬಂತು. ಬಿಟ್ಟುಹೋಯಿತು.
"ಏನೋ ಮೋಸ ಐತ್ರಿ ಇದ್ರಾಗ."
"ಇರ್ಬೋದು. ಮುಂದಿನ ಶನಿವಾರ ಎಷ್ಟು ಗಂಟೆಗೆ ಹೊರಡೋಣ?"

ಇವತ್ತು ಒಳಗೆ ಕೂರಲಾಗದೆ ಗರಾಜಿಗೆ ಹೋಗಿ ನಿಂತೆ.
ಮೇಜಿನ ಮೇಲೆ ಅರ್ಧ ಸುತ್ತಿದ ನೊಣ ಒಂದು, ಮುಗಿದದ್ದು ನಾಲ್ಕಾರು.
ಮೊದಲ ಸಲ ಕೈಗೆ ತಗೊಂಡೆ. ಹೆಬ್ಬೆರಳಿಗೆ ಒತ್ತಿ ನೋಡಿದೆ.
ಚುಚ್ಚಲಿಲ್ಲ.
ಗರಿ ಸರಿಸಿ ನೋಡಿದರೆ ಕೊಂಡಿಗೆ ಮೊನೆಯೇ ಇಲ್ಲ...

ಹಿಂದೆ ಶಾರದಾ ಅತ್ತಿಗೆ ಬಂದು ನಿಂತಿದ್ದರು. ಮೂರ್ತಿಯವರ ಮನೆಯವರು.
"ಎಲ್ಲದಕ್ಕೂ ಮೊನೆ ಕತ್ತರಿಸ್ತಿದ್ರು," ಅಂದರು. "ಅದು ನನ್ನ ಧಾರೆ ಸೀರೆ ಅಂಚಿನ ರೇಷ್ಮೆ. ಆ ನೂಲಿಂದ ಒಂದು ಜೀವಕ್ಕೂ ನೋವಾಗ್ಬಾರ್ದು, ಹಾಗಿದ್ರೆ ಮಾತ್ರ ಕೊಡ್ತೀನಿ ಅಂದಿದ್ದೆ."
"ನನ್ನ ಗಾಳಕ್ಕೂ ಇದನ್ನ ಕಟ್ಟಿದ್ರೇನ್ರಿ?"
"ನಿಮ್ಮದಕ್ಕೂ."
"ಒಂದ್ ಮಾತು ಹೇಳಬಹುದಿತ್ತಲ್ರಿ ಅತ್ತಿಗಿ."
"ಹೇಳಿದ್ರೆ ಬರ್ತಿದ್ರಾ ನೀವು? ಇವರ ಹಾರ್ಟಿಗೆ ಸ್ಟೆಂಟ್ ಹಾಕಿದ್ಮೇಲೆ ಒಬ್ರನ್ನೇ ನೀರಿಗೆ ಕಳಿಸಲ್ಲ ಅಂತ ಹಟ ಹಿಡಿದಿದ್ದೆ. ಬೇರೆ ಯಾರೂ ಬರ್ತಿರ್ಲಿಲ್ಲ. ಬಸವರಾಜ್‌ಗೆ ಒಂದೇ ಒಂದು ಮೀನು ಸಿಕ್ಕಿಬಿಟ್ರೂ ಸಾಕು, ಅನುಮಾನ ತೀರಿಹೋಗುತ್ತೆ, ಆಮೇಲೆ ಅಂಗಡಿ ಬಿಟ್ಟು ಬರಲ್ಲ ಅಂತಿದ್ರು..."

ನಿಂತಲ್ಲೇ ಯೋಚಿಸಿದೆ.
ಸರಿಯಾಗಿಯೇ ಹೇಳಿದ್ದರು. ನಾನು ಹೋಗುತ್ತಿರಲಿಲ್ಲ.

ಯಾರಿಗೆ ಏನು ಸಿಕ್ಕಿತು, ಬರೆದುಬಿಡುತ್ತೇನೆ.
ಮೀನುಗಳಿಗೆ, ಅವುಗಳ ಜೀವ.
ಅತ್ತಿಗೆಗೆ, ಕೊಟ್ಟ ಮಾತು ಉಳಿಸಿಕೊಂಡ ಗಂಡ.
ಮೂರ್ತಿಯವರಿಗೆ, ಎರಡು ಚಳಿಗಾಲ ನದಿ, ಜೊತೆಗೊಬ್ಬ ಡ್ರೈವರ್.
ನನಗೆ, ನನ್ನ ಅನುಮಾನ ಸರಿಯಾಗಿತ್ತು ಎಂಬ ಖಾತರಿ...
ಅದನ್ನು ಮುಖಕ್ಕೆ ಹೇಳಿ ಜಗಳ ತೆಗೆಯೋಣವೆಂದರೆ, ಆ ಮುಖ ಇಲ್ಲ.

ಹೋಗಿಬನ್ನಿ ಮೂರ್ತಿಯವರೇ...
ನಿಮ್ಮ ಜೀವ ತಣ್ಣಗಿರಲಿ.