ರುದ್ರಣ್ಣನ ಊರಿಗೆ, ಒಂದು ಮಾತು ಹೇಳಲು

ತಿಪಟೂರಿನಲ್ಲಿ ಇಳಿದಾಗ ಬೆಳಗಿನ ಒಂಬತ್ತು ಗಂಟೆ. ಮಂಗಳೂರಿನಿಂದ ಹಾಸನಕ್ಕೆ ಒಂದು ಬಸ್ಸು, ಅಲ್ಲಿ ಲಾಡ್ಜಿನಲ್ಲಿ ಒಂದು ರಾತ್ರಿ, ಮತ್ತೆ ಅರಸೀಕೆರೆ ಮೇಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ನನ್ನ ಚೀಲವೇ ಕೂತಿತ್ತು. ಯಾರಾದರೂ ಬಂದು ಕೂತರೆ ಎಲ್ಲಿಗೆ, ಯಾಕೆ ಎಂದು ಹೇಳಬೇಕಾಗುತ್ತದೆಂದು ನಾನೇ ಅದನ್ನು ಅಲ್ಲಿಟ್ಟಿದ್ದೆ.

ನಿಮಗಾದರೂ ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ನಮ್ಮ ಕಡಲತೀರದಲ್ಲಿ ಪ್ರವಾಸಿಗರಿಗಾಗಿ ಹಾಯಿದೋಣಿ ಓಡಿಸುತ್ತಿದ್ದ ಯಜಮಾನರೊಬ್ಬರ ಬಳಿ ನಾನೂ ರುದ್ರಣ್ಣನೂ ಹಗ್ಗದ ಕೆಲಸದಲ್ಲಿದ್ದೆವು. ದೋಣಿ ಹಳೆಯ ಕಾಲದ್ದರಂತೆ ಕಾಣಬೇಕೆಂದು ಅವರಿಗೆ ತೆಂಗಿನ ನಾರಿನ ಹಗ್ಗವೇ ಆಗಬೇಕಿತ್ತು. ಅದಕ್ಕಾಗಿ ತುರುವೇಕೆರೆ ಸೀಮೆಯಿಂದ ಬಂದವನು ರುದ್ರಣ್ಣ. ಎರಡು ಹಗ್ಗದ ತುದಿ ಬಿಡಿಸಿ, ಎಳೆಯೊಳಗೆ ಎಳೆ ತೂರಿಸಿ, ಗಂಟಿಲ್ಲದೆ ಒಂದು ಮಾಡುವುದು ನಮ್ಮಿಬ್ಬರ ಕೆಲಸ. ಒಂದು ದಿನ ಅಂಥ ಹೆಣಿಗೆಯೊಂದು ಬಿಚ್ಚಿಕೊಂಡು, ಹಾಯಿ ಹೊತ್ತ ಮರದ ಗಳ ದೋಣಿಯೊಳಕ್ಕೆ ಬಿದ್ದು ಪ್ರವಾಸಿಯೊಬ್ಬರ ಭುಜ ಮುರಿಯಿತು. ಹೆಣೆದವನು ನಾನು. ಮೂರು ಸುತ್ತು ತೂರಿಸಬೇಕಾದಲ್ಲಿ, ಊಟದ ಹೊತ್ತಾಯಿತೆಂದು ಎರಡಕ್ಕೇ ಕೈಬಿಟ್ಟಿದ್ದೆ.

"ಇದು ಯಾರ ಕೈ?" ಎಂದು ಯಜಮಾನರು ಕೇಳಿದಾಗ "ರುದ್ರಣ್ಣನದ್ದು" ಎಂದೆ. ಆ ವಾರ ಇಬ್ಬರೂ ಹತ್ತಾರು ಹಗ್ಗ ಹೆಣೆದಿದ್ದೆವು, ಯಾವುದು ಯಾರದ್ದೆಂದು ಅವನಿಗೇ ನೆನಪಿರಲಿಲ್ಲ. ಅದೇ ಸಂಜೆ ಕೆಲಸ ಕಳೆದುಕೊಂಡು, ಟ್ರಂಕು ಹೊತ್ತು ಹೊರಟುಹೋದ. ಮೂರು ವರ್ಷಕ್ಕೆ ದೋಣಿಗಳೂ ಮಾರಿಹೋಗಿ ನನ್ನ ಕೆಲಸವೂ ಹೋಯಿತು. ಈಗ ಗೋಡೌನೊಂದರ ಗೇಟಿನಲ್ಲಿ ಕೂರುತ್ತೇನೆ. ಮನೆಯಲ್ಲಿ ನಾನೊಬ್ಬನೇ, ಹೇಳಿದ ಸುಳ್ಳನ್ನು ನೆನೆಸಿಕೊಳ್ಳಲು ಬೇಕಾದಷ್ಟು ಪುರಸೊತ್ತು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸಬೇಕಿತ್ತು. ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆ. ಒಂದೇ ಸಾಕಾಗುವಷ್ಟು ದೊಡ್ಡದು, ಆದರೂ ಎರಡು ತಿಂದೆ. ಇಡ್ಲಿ ಮುಗಿಯುವವರೆಗಾದರೂ ಮುಂದಿನ ಬಸ್ಸು ಹತ್ತಬೇಕಾಗಿರಲಿಲ್ಲವಲ್ಲ. ದಂಡಿನಶಿವರದಲ್ಲಿ ಇಳಿದು ಎರಡು ಕಿಲೋಮೀಟರ್ ನಡೆದೆ. ಒಣಬಿಸಿಲು. ನಮ್ಮ ಕಡೆಯ ತೆಂಗಿನ ಮರದ ಹಿಂದೆ ಎಲ್ಲೋ ನೀರು ಕಾಣುತ್ತದೆ. ಇಲ್ಲಿ ತೆಂಗಿನ ಹಿಂದೆ ತೆಂಗು, ಅದರ ಹಿಂದೆ ಹುರುಳಿ ಹೊಲ. ಕಡಲಿಲ್ಲದ ಇಂಥ ಊರಿನವನು ನಮ್ಮಲ್ಲಿಗೆ ಬಂದು ಹಾಯಿಗೆ ಹಗ್ಗ ಹೊಸೆದನಲ್ಲ ಎಂದು ಆಶ್ಚರ್ಯವಾಯಿತು.

"ಬಾರ್ಲಾ ವಾಸು! ಸಮುದ್ರ ಬತ್ತೋಯ್ತೇನ್ಲಾ, ಇಲ್ಲೀಗಂಟ ಬಂದಿದ್ದೀಯಾ?" ರುದ್ರಣ್ಣ ಜಗುಲಿಯಿಂದಲೇ ಕೂಗಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನ ಖುಷಿ ನೋಡಿ ನನಗೆ ವಾಪಸು ಹೋಗಿಬಿಡಬೇಕೆನಿಸಿತು.

ಅಟ್ಟದ ತುಂಬ ತೆಂಗಿನಕಾಯಿ. ವರ್ಷದ ಹತ್ತಿರ ಹಾಗೇ ಬಿಟ್ಟರೆ ನೀರು ಇಂಗಿ ಒಳಗೇ ಕೊಬ್ಬರಿ ಉಂಡೆಯಾಗುತ್ತದೆ. ಒಂದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ನೀರೈತೆ, ಕೇಳುಸ್ತಾ?" ಎಂದ. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಮಗಳ ಬಾಣಂತನವಂತೆ.

ಬಡಿಸುತ್ತಿದ್ದ ಅವನ ಹೆಂಡತಿ ಗಂಗಮ್ಮ, "ಮೊಮ್ಮಗೀನ್ ತೊಟ್ಲು ಕಟ್ಟೋಕೂ ಪಕ್ಕದ್ಮನೆಯವ್ರನ್ನ ಕರುದ್ರು ಕಣಪ್ಪ ಇವ್ರು. ಹಗ್ಗ ಹೊಸ್ದು ಬದುಕ್ದೋರು! ಹಸ ಕಟ್ಟೋಕೂ ನಾನೇ ಬೇಕು" ಎಂದು ನಗುತ್ತಾ ಒಳಗೆ ಹೋದರು.

ರುದ್ರಣ್ಣ ನಗಲಿಲ್ಲ. "ನನ್ ಕೈಯಿಂದ ಒಬ್ರ ಭುಜ ಮುರೀತು. ಆ ಕೈಯಲ್ಲಿ ಮಗೀನ್ ತೊಟ್ಲು ಕಟ್ಲಾ?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ಅವನ ಕೆಲಸ ಕಳೆದೆ ಎಂದಷ್ಟೇ ತಿಳಿದು ಬಂದಿದ್ದೆ.

"ರುದ್ರಣ್ಣ, ಆ ಹೆಣಿಗೆ ನಿನ್ನದಲ್ಲ. ನನ್ನದು. ಗೊತ್ತಿದ್ದೇ ನಿನ್ನ ಹೆಸರು ಹೇಳಿದೆ."

ಅವನು ತಟ್ಟೆಯಲ್ಲೇ ಕೈ ತೊಳೆದುಕೊಂಡ. ಅರ್ಧ ಮುದ್ದೆ ಹಾಗೇ ಉಳಿದಿತ್ತು. ತನ್ನ ಕೈಗಳನ್ನು ತಿರುಗಿಸಿ ನೋಡಿದ. ಆಮೇಲೆ, "ಗಂಗಾ, ಒಲೆ ಬುಟ್ಟು ಬಾಯಿಲ್ಲಿ" ಎಂದು ಕರೆದು ನನ್ನ ಕಡೆ ತಿರುಗಿದ. "ಇವ್ಳ್ ಮುಂದೆ ಇನ್ನೊಂದ್ಸಲ ಹೇಳು."

ಹೇಳಿದೆ. ಎರಡನೇ ಸಲ ಇನ್ನೂ ಕಷ್ಟವಾಯಿತು. ಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ಅವನು ಅಂಗಿ ತೊಟ್ಟು ನನ್ನನ್ನು ತನ್ನ ತಮ್ಮನ ಮನೆಗೆ ಕರೆದೊಯ್ದ. ಅಲ್ಲೂ ಹೇಳಿಸಿದ. ಬಸ್ಸು ನಿಲ್ಲುವಲ್ಲಿನ ಟೀ ಅಂಗಡಿಯಲ್ಲೂ ಹೇಳಿಸಿದ.

"ಹೋಗ್ಲಿ ಬುಡಿ ರುದ್ರಣ್ಣ, ಹಳೇ ಮಾತು" ಎಂದರು ಅಂಗಡಿಯವರು.

"ನಿಮ್ಗೆ ಹಳೇದು ಕಣ್ರೀ. ನಂಗೆ ಈಗಿನ್ನ ಗೊತ್ತಾಗಿರೋದು."

ಕಿಬ್ಬನಹಳ್ಳಿ ಕಡೆಯ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು, ತಡೆಯಲಾರದೆ ಕೇಳಿದೆ: "ನನ್ನ ಮೇಲೆ ಸಿಟ್ಟಿದೆಯಾ?"

"ಐತೆ ಕಣ್ಲಾ" ಎಂದ ರುದ್ರಣ್ಣ. "ಇರ್ಲಿ ಬುಡು. ಇಷ್ಟ್ ವರ್ಷ ನನ್ ಮೇಲೇ ಇತ್ತು."

ಬಸ್ಸು ಹೊರಡುವುದನ್ನು ನೋಡಲು ಅವನು ನಿಲ್ಲಲಿಲ್ಲ. ಕಿಟಕಿಯಿಂದ ಹಿಂತಿರುಗಿ ನೋಡಿದಾಗ, ತೋಟದ ದಾರಿಯಲ್ಲಿ ಎರಡೂ ಕೈ ಬೀಸಿಕೊಂಡು ಬೇಗ ಬೇಗ ಮನೆ ಕಡೆ ನಡೆಯುತ್ತಿದ್ದ.