ಗುಲಾಬಿ ಚುಕ್ಕೆ ಇಟ್ಟ ಕಂಪ್ಯೂಟರ್

ಪೋರ್ಟ್ ಪಿರಿ ಎಂಬ ಬಂದರು ಊರಿನ ಶಾಲೆಯೊಂದರ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ತಿಂಡಿ ಬಿಸಿ ಮಾಡಿ ಕೊಡುವ ಲೊರೇನ್ ಹ್ಯಾಡ್ರಿಕ್‌ಗೆ ಈಗ ಅರವತ್ತೊಂದು. ಬಾಯಿ ಜೋರು, ಮನಸ್ಸು ಮೆದು ಎಂದು ಊರು ಅವಳ ಬಗ್ಗೆ ಹೇಳುತ್ತದೆ. ಮೊದಲನೆಯದಕ್ಕೆ ಊರ ತುಂಬ ಸಾಕ್ಷಿಗಳಿದ್ದಾರೆ. ಎರಡನೆಯದಕ್ಕೆ ಇದ್ದವನು ಒಬ್ಬನೇ, ಅವಳ ತಮ್ಮ ನೆವಿಲ್. ಸೀಸದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಅವನು ಎರಡು ವರ್ಷದ ಹಿಂದೆ ಪಾಳಿ ಮುಗಿಸಿ ಬಂದು, ಬೂಟಿನ ದಾರ ಬಿಚ್ಚುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಇಬ್ಬರಿಗೂ ಮದುವೆಯಿಲ್ಲ, ಮಕ್ಕಳಿಲ್ಲ. ಅಪ್ಪ ಬಿಟ್ಟುಹೋದ ತಗಡಿನ ಸೂರಿನ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಇದ್ದರು. ಈಗ ಅಕ್ಕ ಒಬ್ಬಳೇ.

ಮುಂದಿನ ಕೋಣೆಯಲ್ಲಿ ಎರಡು ಮೇಜು, ಎರಡು ಕಂಪ್ಯೂಟರ್. ಒಂಬತ್ತು ವರ್ಷದಿಂದ ಪ್ರತಿ ಶನಿವಾರ ಸಂಜೆ ಆರು ಜನರ ಒಂದು ತಂಡ ಒಂದೇ ಆನ್‌ಲೈನ್ ಗೇಮಿನಲ್ಲಿ ಸೇರಿ, ಕೋಟೆ ಹೊಕ್ಕು, ಡ್ರ್ಯಾಗನ್ ಹೊಡೆದು ಬರುತ್ತಿತ್ತು. ಅಕ್ಕ ತಮ್ಮ ಆ ಆರರಲ್ಲಿ ಇಬ್ಬರು. ಉಳಿದ ನಾಲ್ವರ ಮುಖವನ್ನು ಲೊರೇನ್ ನೋಡಿಲ್ಲ, ದನಿ ಮಾತ್ರ ಬಲ್ಲಳು. ಅವರಲ್ಲಿ ಹತ್ತಿರದವನು ನ್ಯೂಜಿಲೆಂಡಿನ ವಿರೇಮು, ಹಾಲಿನ ಟ್ಯಾಂಕರ್ ಓಡಿಸುವ, ಅಲ್ಲಿನ ಮೂಲನಿವಾಸಿ ಮಾವೋರಿ ಹುಡುಗ. ಹುಡುಗನೆಂದರೆ ನಲವತ್ತು ದಾಟಿದವನೇ. ಲೊರೇನಳನ್ನು ಆಂಟಿ ಎನ್ನುತ್ತಾನೆ. ವಾರದ ಉಳಿದ ದಿನ ಅವಳ ಹತ್ತಿರ ಸಲಿಗೆಯಿಂದ ಮಾತಾಡುವವರು ಯಾರೂ ಇಲ್ಲ. ಮನೆಗೆ ಬಂದ ಮೇಲೆ ಕೆಟಲ್ ಒಂದೇ ಸದ್ದು ಮಾಡುತ್ತದೆ.

ಅಂಥ ಶನಿವಾರಕ್ಕೇ ಕುತ್ತು ಬಂತು. ಒಂದನೇ ತಾರೀಖಿನಿಂದ ಗೇಮು ಹೊಸ ರೂಪಕ್ಕೆ ಬದಲಾಗುತ್ತದೆ, ನಿಮ್ಮ ಕಂಪ್ಯೂಟರ್ ಅದನ್ನು ತಾಳುವುದಿಲ್ಲ ಎಂದು ಪರದೆಯ ಮೇಲೆ ಸೂಚನೆ ಬಂತು. ಬಿಡಿಭಾಗ ಕೊಂಡು ಹೊಸದು ಕಟ್ಟಬೇಕು, ಇಲ್ಲವೇ ತಂಡ ಬಿಡಬೇಕು. ನೆವಿಲ್‌ನ ಮೀನು ಹಿಡಿಯುವ ದೋಣಿ ಮಾರಿದ್ದರಿಂದ ಒಂಬೈನೂರು ಡಾಲರ್ ಇತ್ತು. ಸಮುದ್ರ ಕಂಡರೆ ವಾಂತಿ ಮಾಡುವವಳಿಗೆ ದೋಣಿ ಮಾರಲು ಕಷ್ಟವಾಗಲಿಲ್ಲ.

"ಒಂಬೈನೂರಕ್ಕೆ ಆಗತ್ತೆ ಆಂಟಿ, ಆದ್ರೆ ಕೈ ಬಿಗಿ ಹಿಡೀಬೇಕು," ಎಂದ ವಿರೇಮು. "ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಗೇಮಿನ ಚಿತ್ರ ಓಡಿಸೋದು ಅದೇ. ಬಣ್ಣ ಬಣ್ಣದ ಲೈಟು, ಗಾಜಿನ ಡಬ್ಬ, ಅವೆಲ್ಲ ಮದ್ವೆ ಮನೆಗೆ. ನೆವ್‌ದೊಂದು ಇತ್ತಲ್ಲ, ಅದ್ರಲ್ಲಿ ಏನಾದ್ರೂ ಬಿಚ್ಕೊಳ್ಳಬಹುದಾ?"

"ಅದನ್ನ ಚರ್ಚಿನವರ ಅಂಗಡಿಗೆ ಕೊಟ್ಬಿಟ್ಟೆ," ಎಂದಳು ಲೊರೇನ್.

ಹೇಳುವಾಗ ಅದು ಅವಳ ಎಡಗೈಗೆ ತಾಗುವಷ್ಟು ಹತ್ತಿರದಲ್ಲೇ ಇತ್ತು, ಮೇಲೊಂದು ಟೀ ಟವೆಲ್ ಹೊದ್ದುಕೊಂಡು. ಎರಡು ವರ್ಷದಿಂದ ಅದರ ಗುಂಡಿ ಒತ್ತಿಲ್ಲ, ಜಾಗ ಕದಲಿಸಿಲ್ಲ. ಯಾಕೆ ಎಂದು ಯಾರೂ ಕೇಳಬಾರದು, ಅದಕ್ಕೇ ಸುಳ್ಳು ಹೇಳಿದ್ದು.

ತನ್ನ ಹಳೆಯದನ್ನಂತೂ ಅಡುಗೆಮನೆಯ ಮೇಜಿನ ಮೇಲಿಟ್ಟು ಬಿಚ್ಚಿದಳು. ರ‍್ಯಾಮ್ ಪಟ್ಟಿಗಳನ್ನು ಹೊಸದಕ್ಕೆ ಹಾಕಿದರೆ ನೂರು ಡಾಲರ್ ಉಳಿಯುತ್ತದೆಂದು ವಿರೇಮು ಹೇಳಿದ್ದ. ಒಳಗೆ ನಾಲ್ಕು ಪಟ್ಟಿಗಳಿದ್ದವು. ಒಂಬತ್ತು ವರ್ಷದ ಹಿಂದೆ ಇದೇ ಮೇಜಿನ ಮೇಲೆ ನೆವಿಲ್ ಎರಡೂ ಕಂಪ್ಯೂಟರ್ ಕಟ್ಟಿದಾಗ, ಅವನದು ತನ್ನದು ಬೆರೆತುಹೋದೀತೆಂದು ಲೊರೇನ್ ತನ್ನ ಭಾಗಗಳಿಗೆಲ್ಲ ಗುಲಾಬಿ ಉಗುರುಬಣ್ಣದ ಚುಕ್ಕೆ ಇಟ್ಟಿದ್ದಳು. ಈಗ ಎರಡು ಪಟ್ಟಿಗಳ ಮೇಲೆ ಚುಕ್ಕೆ ಇತ್ತು, ಇನ್ನೆರಡರ ಮೇಲೆ ಇರಲಿಲ್ಲ. ಗ್ರಾಫಿಕ್ಸ್ ಕಾರ್ಡಿನ ಮೇಲೂ ಇರಲಿಲ್ಲ. ಬಿಸಿಗೆ ಉದುರಿರಬೇಕು ಅಂದುಕೊಂಡಳು. ನಲವತ್ತೆರಡು ಡಿಗ್ರಿಯ ಊರಿನಲ್ಲಿ ಮನುಷ್ಯರ ಬಣ್ಣವೇ ನಿಲ್ಲುವುದಿಲ್ಲ, ಇನ್ನು ಉಗುರುಬಣ್ಣ ಯಾವ ಲೆಕ್ಕ.

ಕಾರ್ಡು, ಪ್ರೊಸೆಸರ್ ಹೊಸದಾಗಿ ಅಂಚೆಯಲ್ಲಿ ಬಂದವು. ಇವೆಲ್ಲ ಕೂರುವ ಮದರ್‌ಬೋರ್ಡನ್ನು ಮಾತ್ರ ಜಾಹೀರಾತು ನೋಡಿ ವೈಯಾಲಾ ಎಂಬ ಹತ್ತಿರದ ಊರಿನ ಒಬ್ಬನಿಂದ ಅರ್ಧ ಬೆಲೆಗೆ ಕೊಂಡಳು. "ಹೊಸ ಪ್ರೊಸೆಸರ್‌ಗೆ ಬೇಕಾದ ಅಪ್‌ಡೇಟ್ ಮಾಡಿದ್ದಾನಾ ಕೇಳಿ" ಎಂದು ವಿರೇಮು ಮೂರು ಸಲ ಹೇಳಿದ್ದ. ಪೆಟ್ರೋಲ್ ಬಂಕಿನ ಮುಂದೆ ವೈಯಾಲಾದವನು ಡಬ್ಬ ಕೊಟ್ಟ, ಅವಳು ದುಡ್ಡು ಕೊಟ್ಟಳು, ಇಬ್ಬರೂ ಬಿಸಿಲನ್ನು ಬೈದರು, ಅಷ್ಟೇ. ಮಕ್ಕಳನ್ನು ಗದರಿಸಿ ಸಾಲಿನಲ್ಲಿ ನಿಲ್ಲಿಸುವ ಹೆಂಗಸಿಗೆ ಗುರುತಿಲ್ಲದವರ ಮುಂದೆ ನಾಲಗೆ ಏಳುವುದಿಲ್ಲ. ನೆವಿಲ್ ಇದ್ದಾಗ ಅಂಥ ಮಾತೆಲ್ಲ ಅವನೇ ಆಡುತ್ತಿದ್ದ.

ಭಾನುವಾರ ಮಧ್ಯಾಹ್ನ ಎಲ್ಲ ಜೋಡಿಸಿ ಗುಂಡಿ ಒತ್ತಿದಳು. ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು.

"ಕೇಬಲ್ಲು ಕಾರ್ಡಿಗೇ ಹಾಕಿದೀರಾ?" ಎಂದ ಫೋನಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ವಿರೇಮು.

"ನಾನೇನು ನಿನ್ನೆ ಹುಟ್ಟಿದೀನಾ? ಕಾರ್ಡಿಗೇ ಹಾಕಿದೀನಿ."

"ಬೋರ್ಡಿನ ಮೇಲಿನ ಚೀಟಿ ಓದಿ." ಓದಿದಳು. ಆಚೆ ಬದಿಯಲ್ಲಿ ನಿಟ್ಟುಸಿರು ಕೇಳಿತು. "ಅಪ್‌ಡೇಟ್ ಆಗಿಲ್ಲ. ಮಾರಿದವನನ್ನ ಕೇಳಿರ್ಲಿಲ್ಲ ಅಲ್ವಾ ಆಂಟಿ?"

"ಇಲ್ಲ ಕಣೋ."

ಅವಳು ಕೊಂಡ ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತೇ ಇಲ್ಲ. ಮೊದಲು ಅದಕ್ಕೆ ಪರಿಚಯವಿರುವ ಹಳೆಯ ಪ್ರೊಸೆಸರ್ ಕೂರಿಸಿ, ಅಪ್‌ಡೇಟ್ ಮಾಡಿ, ಆಮೇಲೆ ಹೊಸದನ್ನು ಕೂರಿಸಬೇಕು. ಹಳೇ ಸೊಸೆ ಬಾಗಿಲು ತೆಗೆದರೆ ಹೊಸ ಸೊಸೆ ಒಳಗೆ. ಲೊರೇನಳ ಹಳೆಯ ಪ್ರೊಸೆಸರ್ ಬೇರೆ ಕಂಪನಿಯದು, ಈ ಬೋರ್ಡಿನಲ್ಲಿ ಕೂರುವುದಿಲ್ಲ. ರಿಪೇರಿ ಅಂಗಡಿಯವರು ಹತ್ತು ದಿನ ಕೇಳುತ್ತಾರೆ. ಒಂದನೇ ತಾರೀಖಿಗೆ ಉಳಿದದ್ದು ಆರು ದಿನ. ಅದು ಶನಿವಾರ, ಹೊಸ ಗೇಮಿನ ಮೊದಲ ಶನಿವಾರ. ಅಂದು ಬಾರದವರ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳುವುದೆಂದು ತಂಡ ಮಾತಾಡಿಕೊಂಡಾಗಿತ್ತು.

"ಸರಿಯಾದ್ದು ಯಾವುದು ಗೊತ್ತಾ?" ಎಂದ ವಿರೇಮು ಮೆಲ್ಲಗೆ. "ನೆವ್ ಹತ್ರ ಇದ್ದದ್ದು. ಅವನ ಪ್ರೊಸೆಸರ್ರೇ."

ಲೊರೇನ್ ಟೀ ಟವೆಲ್ಲಿನ ಕಡೆ ನೋಡಿದಳು. "ವಿರೇಮು, ಅದನ್ನ ನಾನು ಯಾರಿಗೂ ಕೊಟ್ಟಿಲ್ಲ."

"ಗೊತ್ತು ಆಂಟಿ. ನಿಮಗೆ ಬೈಯಕ್ಕೆ ಬರತ್ತೆ, ಸುಳ್ಳು ಹೇಳಕ್ಕೆ ಬರಲ್ಲ. ನಾನು ಫೋನ್ ಇಡ್ತೀನಿ. ನೀವು ಒಬ್ರೇ ತೆಗೀರಿ."

ತಿರುಪು ಬಿಚ್ಚಿ ಬದಿಯ ತಗಡು ಎಳೆದಳು. ದೂಳಿನ ಜೊತೆ ನೆವಿಲ್ ಸೇದುತ್ತಿದ್ದ ತಂಬಾಕಿನ ವಾಸನೆ ಎದ್ದು ಬಂತು. ರ‍್ಯಾಮಿನ ನಾಲ್ಕು ಗೂಡುಗಳಲ್ಲಿ ಎರಡು ಖಾಲಿ ಇದ್ದವು. ನೆವಿಲ್ ತನ್ನದಕ್ಕೆ ಕೊಂಡಿದ್ದು ನಾಲ್ಕು ಪಟ್ಟಿ, ಡಬ್ಬ ಒಡೆದದ್ದು ಅವಳ ಕಣ್ಣೆದುರೇ. ಕೆಳಗೆ ಅವನ ದೊಡ್ಡ ಗ್ರಾಫಿಕ್ಸ್ ಕಾರ್ಡು ಇರಬೇಕಾದ ಕಡೆ ಅಂಗೈಯಗಲದ ಸಣ್ಣ ಕಾರ್ಡೊಂದು ಕೂತಿತ್ತು. ಅದರ ಮೂಲೆಯಲ್ಲಿ ಗುಲಾಬಿ ಚುಕ್ಕೆ ಇತ್ತು.

ಚುಕ್ಕೆ ಉದುರಿರಲಿಲ್ಲ. ಬಿಸಿಗೂ ಉದುರದೆ, ಹೊಳಪು ಸಹ ಮಾಸದೆ ಇತ್ತು.

ಆಗ ಅವಳಿಗೆ ಎಲ್ಲ ನೆನಪಾಯಿತು. ಐದು ವರ್ಷದ ಹಿಂದೆ ಗೇಮು ಭಾರವಾದಾಗ ಅವಳ ಪರದೆ ನಿಂತು ನಿಂತು ಓಡುತ್ತಿತ್ತು. ಕಾರ್ಖಾನೆಯಲ್ಲಿ ಪಾಳಿ ಕಡಿಮೆ ಮಾಡಿದ್ದ ಕಾಲ, ಹೊಸದು ಕೊಳ್ಳುವ ಮಾತಿರಲಿಲ್ಲ. "ದೂಳು ಕೂತಿರತ್ತೆ, ಒರೆಸಿಡ್ತೀನಿ ಬಿಡು," ಎಂದಿದ್ದ ನೆವಿಲ್. ಅವಳು ಕ್ಯಾಂಟೀನಿನಿಂದ ಬರುವಷ್ಟರಲ್ಲಿ ಒರೆಸಿಟ್ಟಿದ್ದ. ಅಂದಿನಿಂದ ಅವಳದು ಹಾರತೊಡಗಿತು. ಅಂದಿನಿಂದಲೇ ನೆವಿಲ್ ನಿಧಾನವಾದ. ಕೋಟೆಯ ಬಾಗಿಲಿಗೆ ಎಲ್ಲರೂ ಬಂದು ನಿಂತು ಒಂದೂಮುಕ್ಕಾಲು ನಿಮಿಷವಾದ ಮೇಲೆ ಬರುತ್ತಿದ್ದ. ಅವನಿಗೆ ಆಮೆ ಎಂದು ಹೆಸರಿಟ್ಟವಳು ಲೊರೇನ್. ತಂಡವೆಲ್ಲ ನಕ್ಕಿತ್ತು, ಅವನೂ ನಕ್ಕಿದ್ದ. ಅವನ ಕೊನೆಯ ಶನಿವಾರ ಅವಳು, "ನಿನ್ನಿಂದಾಗಿ ಆರೂ ಜನ ಸತ್ವಿ. ವಯಸ್ಸಾಯ್ತು ಕಣೋ ನಿಂಗೆ, ಹೋಗಿ ಮಲಕ್ಕೋ," ಎಂದಿದ್ದಳು. "ಆಯ್ತು ಕಣಕ್ಕ," ಎಂದು ಅವನು ಎದ್ದುಹೋಗಿದ್ದ. ಗುರುವಾರ ಸತ್ತ.

ಲೊರೇನ್ ನೆಲದ ಮೇಲೆ ಕೂತು ಅತ್ತಳು. ಅವನು ಹೋದದ್ದಕ್ಕೆ ಅತ್ತಾಗಿತ್ತು, ಇದು ಬೇರೆ ಅಳು. ನಾಚಿಕೆ ಅವಳನ್ನು ತಿಂದುಹಾಕಿತು. ಮೂರು ವರ್ಷ ಅವನ ಅನ್ನವನ್ನೇ ತಿಂದು ಅವನನ್ನೇ ಹಸಿದವನೆಂದು ಹಂಗಿಸಿದ ಹಾಗಾಯಿತಲ್ಲ. ಹೇಳಿಕೊಳ್ಳೋಣವೆಂದರೆ ಆ ಮನೆಯಲ್ಲಿ ಗೋಡೆಗಳನ್ನು ಬಿಟ್ಟರೆ ಇನ್ನಾರಿದ್ದಾರೆ.

ಸಂಜೆ ನೆವಿಲ್‌ನ ಪ್ರೊಸೆಸರ್ ತೆಗೆದು, ಕೊಂಡ ಬೋರ್ಡಿನಲ್ಲಿ ಕೂರಿಸಿ ಅಪ್‌ಡೇಟ್ ಮುಗಿಸಿ, ಅದರ ಜಾಗಕ್ಕೆ ಹೊಸದನ್ನು ಹಾಕಿದಳು. ಆಮೇಲೆ ಅವನ ಪ್ರೊಸೆಸರನ್ನು ಒರೆಸಿ ಮತ್ತೆ ಅವನ ಕಂಪ್ಯೂಟರಿನಲ್ಲೇ ಕೂರಿಸಿದಳು. ಚುಕ್ಕೆಯಿಲ್ಲದ ಎರಡು ಪಟ್ಟಿಗಳನ್ನೂ ಅವನ ಖಾಲಿ ಗೂಡಿಗೆ ಹಾಕಿದಳು, ಹೊಸದಕ್ಕೆ ಎರಡೇ ಸಾಕೆಂದು. ಉಪಯೋಗವಿಲ್ಲದ ಕೆಲಸ ಎಂದು ಗೊತ್ತಿದ್ದೇ ಮಾಡಿದಳು.

ಶನಿವಾರ ಹೊಸ ಕಂಪ್ಯೂಟರ್ ಅವಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿತು. ಯಾರೂ ಬಂದಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದರು.

"ಎಲ್ಲಾ ಬಂದಾಯ್ತು, ನಡೀರಿ ಆಂಟಿ," ಎಂದ ವಿರೇಮು.

"ಒಂಚೂರು ತಾಳು."

"ಇನ್ಯಾರು ಬರಬೇಕು?"

ಲೊರೇನ್ ಗೋಡೆಯ ಗಡಿಯಾರ ನೋಡುತ್ತ, ಒಂದೂಮುಕ್ಕಾಲು ನಿಮಿಷ, ಒಂದು ಮಾತೂ ಬೈಯದೆ ಕಾದಳು.