ಪಚ್ಚೆ ಕೆಳಗಿಳಿದಾಗ

ಪಚ್ಚೆ ಮೊದಲ ಸಲ ಕೊಂಬೆ ಬಿಟ್ಟು ಗೂಡಿನ ತಳಕ್ಕೆ ಇಳಿದಾಗ ನಾನು ಯಾರದೋ ಮದುವೆಯ ಬ್ಲೌಸಿಗೆ ಹುಕ್ ಹಾಕುತ್ತಿದ್ದೆ. ಕಂಡೆ. ಮುಂದಿನ ಹುಕ್ ಕೈಗೆತ್ತಿಕೊಂಡೆ.

ಪಚ್ಚೆ ನಮ್ಮ ಮನೆಯ ಊಸರವಳ್ಳಿ. ಕಾಡಿನದಲ್ಲ. ನಮ್ಮ ಕಾಡಿನ ಊಸರವಳ್ಳಿಯನ್ನು ಹಿಡಿದು ಸಾಕುವುದು ಅಪರಾಧ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುವ ನನ್ನ ಯಜಮಾನರು ಅದಕ್ಕೆ ಒಪ್ಪುವವರೂ ಅಲ್ಲ. ಇದು ಯೆಮನ್ ದೇಶದ ಜಾತಿ. ಮಗಳು ಸ್ಫೂರ್ತಿಯ ಹಟಕ್ಕೆ ಸೋತು ನನ್ನ ತಮ್ಮ ಕಾಗದಪತ್ರ ಸಮೇತ ತಂದುಕೊಟ್ಟಿದ್ದ. ಗಂಡು ಎಂದೇ ಹೇಳಿದ್ದ. ಪಿಯುಸಿಗೆಂದು ಚಾಮರಾಜನಗರದ ಹಾಸ್ಟೆಲ್ ಸೇರುವಾಗ ಸ್ಫೂರ್ತಿ ಅವನನ್ನು ನನಗೆ ಒಪ್ಪಿಸಿ ಹೋದಳು. ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ನನ್ನ ಹೊಲಿಗೆ ಮೆಷಿನ್ ಪಕ್ಕದಲ್ಲೇ ಅವನ ಬಲೆಯ ಗೂಡು. ದಿನವಿಡೀ ನನ್ನ ಕಣ್ಣೆದುರೇ ಇದ್ದ. ಈಗ ನನ್ನನ್ನು ಚುಚ್ಚುವುದು ಅದೇ.

ತಳದಲ್ಲಿ ಹಾಸಿದ್ದ ಪೇಪರನ್ನು ಅವನು ಮುಂಗಾಲಿನಿಂದ ಪರಪರ ಕೆರೆಯುತ್ತಿದ್ದ. ಒಂದು ಮೂಲೆ ಕೆರೆದು ಇನ್ನೊಂದು ಮೂಲೆಗೆ ಹೋಗುತ್ತಿದ್ದ.

"ತಪ್ಪಿಸ್ಕಂಡು ಓಗಕ್ಕೆ ನೋಡ್ತಾದೆ ಕಣಮ್ಮಿ. ಎತ್ತಿ ಮ್ಯಾಕೆ ಬುಡು," ಎಂದರು ಯಜಮಾನರು.

ಎತ್ತಿ ಮೇಲೆ ಬಿಟ್ಟೆ. ಅವನು ಇಳಿದ. ಮತ್ತೆ ಎತ್ತಿದೆ. ಹೀಗೇ ಕೆಲವು ದಿನ ನಡೆಯಿತು. ಕೊನೆಕೊನೆಗೆ ನನಗೆ ರೇಗುತ್ತಿತ್ತು; ಕೈಯಲ್ಲಿನ ಕೆಲಸ ಕೆಡಿಸುತ್ತಾನೆಂದು ಗದರಿದ್ದೂ ಉಂಟು. ಗೂಡಿಗೆ ಮಿಡತೆ ಹಾಕಿದರೂ ತಿನ್ನಲಿಲ್ಲ. ಹೊಟ್ಟೆ ಮಾತ್ರ ಉಬ್ಬಿತ್ತು. ಊಟ ಬಿಟ್ಟವನ ಹೊಟ್ಟೆ ಯಾಕೆ ಉಬ್ಬಿದೆ ಎಂದು ಕೇಳಿಕೊಳ್ಳಲಿಲ್ಲ. ಮೈ ತುಂಬಿಕೊಂಡಿದ್ದಾನೆ ಅಂದುಕೊಂಡೆ.

ಒಂದು ಮಧ್ಯಾಹ್ನ ನೋಡಿದರೆ ಬಣ್ಣ ಕಪ್ಪಿಟ್ಟಿತ್ತು. ಕಣ್ಣು ಮುಚ್ಚಿತ್ತು.

ಹಗಲು ಹೊತ್ತಿನಲ್ಲಿ ಊಸರವಳ್ಳಿ ಕಣ್ಣು ಮುಚ್ಚಿದರೆ ಅದಕ್ಕೆ ಹುಷಾರಿಲ್ಲ ಎಂದು ಸ್ಫೂರ್ತಿ ಹೇಳಿದ್ದು ಆಗ ನೆನಪಾಯಿತು. ಆ ಸಂಜೆಯೇ ಅವಳ ಫೋನ್ ಬಂತು.

"ಪಚ್ಚೆ ಹೆಂಗವ್ನೆ ಅಮ್ಮ?"

"ಚೆನ್ನಾಗವ್ನೆ. ನೀನು ಓದ್ಕೊ."

ಅವಳಿಗೆ ಪರೀಕ್ಷೆ ನಡೆಯುತ್ತಿತ್ತು. ಅದಕ್ಕಾಗಿ ಮುಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅವಳ ಮುಂದೆ ತಪ್ಪಿತಸ್ಥಳಾಗುವ ಧೈರ್ಯ ನನಗಿರಲಿಲ್ಲ.

ಊರಿನ ಪಶು ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. "ದನ, ಕುರಿ, ನಾಯಿ ಆದ್ರೆ ನಾನೇ ನೋಡ್ತಿದ್ದೆ. ಇದು ನಂಗೆ ಗೊತ್ತಿಲ್ಲ ಕಣಮ್ಮ," ಎಂದು ಮೈಸೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರೊಬ್ಬರ ವಿಳಾಸ ಕೊಟ್ಟರು. ತೂತು ಮಾಡಿದ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಹೆಂಗಸು ಒಳಗೇನು ಎಂದು ಕೇಳಿದಳು. ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ.

ಮೈಸೂರಿನ ಡಾಕ್ಟರ್ ಮೇಡಂ ಪಚ್ಚೆಯ ಹಿಂಗಾಲು ಹಿಡಿದು ತೋರಿಸಿದರು. "ಗಂಡಾದ್ರೆ ಇಲ್ಲಿ ಮುಳ್ಳಿನ ಥರ ಒಂದು ಇರುತ್ತೆ. ಇದಕ್ಕಿಲ್ಲ. ಇದು ಹೆಣ್ಣು."

ಎಕ್ಸ್‌ರೇಯಲ್ಲಿ ಹೊಟ್ಟೆ ತುಂಬ ಮೊಟ್ಟೆಗಳು, ದ್ರಾಕ್ಷಿ ಗೊಂಚಲಿನ ಹಾಗೆ.

"ಗಂಡು ಜೊತೆಗಿಲ್ದೆ ಇದ್ರೂ ಇವು ಮೊಟ್ಟೆ ಕಟ್ತವೆ. ಇಡೋಕೆ ಮಣ್ಣು ತೋಡ್ಬೇಕು. ಕೆಳಗಿಳಿದು ಕೆರೀತಿತ್ತಾ?"

"ಕೆರೀತಿತ್ತು."

"ಮಣ್ಣು ಇಟ್ಟಿದ್ರಾ?"

ಇಲ್ಲ. ಪೇಪರ್ ಇಟ್ಟಿದ್ದೆ.

ಅವಳು ಹೆರಲು ಜಾಗ ಹುಡುಕುತ್ತಿದ್ದಳು. ನಾನು ಪ್ರತಿ ಸಲವೂ ಎತ್ತಿ ಕೊಂಬೆಯ ಮೇಲಿಟ್ಟಿದ್ದೆ. ಹೆರಿಗೆ ನೋವು ನನಗೂ ಗೊತ್ತು. ಆ ಹೊತ್ತಿನಲ್ಲಿ ಯಾರಾದರೂ ನನ್ನನ್ನು ಹಾಗೆ ಎತ್ತಿ ಎತ್ತಿ ಕೂರಿಸಿದ್ದರೆ?

ಕ್ಯಾಲ್ಸಿಯಂ ಕೊಟ್ಟರು, ಡ್ರಿಪ್ಸ್ ನೀರನ್ನು ಚರ್ಮದಡಿಗೆ ಹಾಕಿದರು. ತೇವದ ಮರಳು ತುಂಬಿದ ಬಕೆಟನ್ನು ಗೂಡಿನಲ್ಲಿಟ್ಟು, ಸುತ್ತ ಬಟ್ಟೆ ಮುಚ್ಚಿಬಿಡಿ, ಯಾರೂ ಇಣುಕಬೇಡಿ ಎಂದರು. ಮನೆಗೆ ಬಂದು ಹಾಗೆಯೇ ಮಾಡಿದೆ. ಸದ್ದಾಗುತ್ತದೆಂದು ಮೆಷಿನ್ ತುಳಿಯಲಿಲ್ಲ. ಗಿರಾಕಿಗಳನ್ನು ಬಾಗಿಲಿನಿಂದಲೇ ಕಳಿಸಿದೆ. ಮರುದಿನ ಮರಳಲ್ಲಿ ಸಣ್ಣದೊಂದು ಗುಂಡಿ, ಅದರೊಳಗೆ ಕೆಲವೇ ಬಿಳಿ ಮೊಟ್ಟೆ. ಪಕ್ಕದಲ್ಲಿ ಪಚ್ಚೆ ಬಿದ್ದುಕೊಂಡಿದ್ದಳು. ಉಳಿದವನ್ನು ಇಡುವ ಶಕ್ತಿ ಅವಳಲ್ಲಿರಲಿಲ್ಲ.

ಮತ್ತೆ ಮೈಸೂರಿಗೆ ಕರೆದೊಯ್ದೆ. ಆಪರೇಷನ್ ಆಗಲೇಬೇಕು, ಉಳಿಯುತ್ತದೆಂದು ಹೇಳಲಾಗದು ಎಂದರು ಮೇಡಂ. ಇನ್ನು ಮಗಳಿಂದ ಮುಚ್ಚಿಡುವಂತಿರಲಿಲ್ಲ. ಫೋನ್ ಮಾಡಿ ಎಲ್ಲ ಹೇಳಿದೆ.

"ಮಾಡ್ಸು," ಎಂದಳು. ಫೋನ್ ಇಟ್ಟುಬಿಟ್ಟಳು.

ಪಚ್ಚೆ ಉಳಿದಳು.

ಪರೀಕ್ಷೆ ಮುಗಿಸಿ ಬಂದ ಸ್ಫೂರ್ತಿ ಚೀಲವನ್ನೂ ಇಳಿಸದೆ ಗೂಡಿನ ಮುಂದೆ ನಿಂತಳು. ಹೊಟ್ಟೆಯ ಹೊಲಿಗೆ ನೋಡಿದಳು.

"ನಂಗೊತ್ತಾಗ್ಲಿಲ್ಲ ಕಣವ್ವ," ಎಂದೆ.

"ನಂಗೂ ಗೊತ್ತಾಗ್ತಿರ್ಲಿಲ್ಲ, ನಾನೂ ಗಂಡು ಅಂತ್ಲೇ ಅಂದ್ಕೊಂಡಿದ್ದೆ. ಅದಕ್ಕೆ ಕ್ವಾಪ ಇಲ್ಲ." ಅವಳು ನನ್ನ ಕಡೆ ತಿರುಗಿದಳು. "ಚೆನ್ನಾಗವ್ನೆ ಅಂದ್ಯಲ್ಲ ಅಮ್ಮ. ನಾಳೆ ನಿಂಗೆ ಏನಾದ್ರೂ ಆಗಿ, ನೀನು ಚೆನ್ನಾಗಿವ್ನಿ ಅಂದ್ರೆ ನಾನು ಹೆಂಗೆ ನಂಬ್ಲಿ?"

ಡಾಕ್ಟರರ ಯಾವ ಮಾತೂ ನನಗೆ ಅಷ್ಟು ತಾಕಿರಲಿಲ್ಲ. ಹಿಂದೆ ಥೈರಾಯ್ಡ್ ಇದೆಯೆಂದು ಗೊತ್ತಾದಾಗಲೂ ನಾನು ಅವಳಿಗೆ ಹೇಳಿರಲಿಲ್ಲ. ಅಂದು ಅಡುಗೆಮನೆಯಲ್ಲಿ ಕೂತು ಅದನ್ನೂ ಹೇಳಿದೆ. ಅವಳು ಮಾತ್ರೆಯ ಹೆಸರು ಕೇಳಿದಳು, ಹೊತ್ತಿಗೆ ಸರಿಯಾಗಿ ತಗೋತೀಯಾ ಎಂದು ಕೇಳಿದಳು. ನಾನು ದೊಡ್ಡವಳು ಎಂಬುದನ್ನು ಮರೆತು ಉತ್ತರ ಕೊಟ್ಟೆ.

ಈಗ ಬೆಳಿಗ್ಗೆ ಎಲೆಗಳ ಮೇಲೆ ನೀರು ಚಿಮುಕಿಸುತ್ತೇನೆ. ಪಚ್ಚೆ ಹನಿ ಹನಿಯಾಗಿ ನೆಕ್ಕುತ್ತಾಳೆ. ನಾನು ಕೈ ಚಾಚಿದರೆ ಇನ್ನೂ ಹಿಂದೆ ಸರಿಯುತ್ತಾಳೆ. ಅದು ಸರಿಯೇ. ಸಂಜೆ ಸ್ಫೂರ್ತಿಯ ಫೋನ್ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ: ಇವತ್ತು ಒಂದೇ ಹುಳ ತಿಂದಳು, ಮುಂಗಾಲಿನ ಹಿಡಿತ ಇನ್ನೂ ಸಡಿಲ, ಕಣ್ಣು ಮಾತ್ರ ತೆರೆದೇ ಇದೆ.

"ನೀನು?" ಎನ್ನುತ್ತಾಳೆ.

ನಾನು ಸ್ವಲ್ಪ ಯೋಚಿಸಿ ಹೇಳುತ್ತೇನೆ.